ಕಾಬೂಲಿನೊಂದಿಗೆ ಮಾತುಕತೆ: ಯಾರಿಗಾಗಿ, ಯಾವುದಕ್ಕಾಗಿ?



ಅಫಘಾನಿಸ್ತಾನದಿಂದ ಅಮೇರಿಕದ ಸೇನೆ ನಿರ್ಗಮಿಸಿದ ನಂತರ ಅಲ್ಲಿನ ತಾಲಿಬಾನ್ ಆಡಳಿತದೊಂದಿಗೆ ಜಗತ್ತು ಹೇಗೆ ವ್ಯವಹರಿಸಬೇಕು ಎಂಬ ವಿಷಯದ ಮೇಲೆ ಮಾತನಾಡುವಂತೆ ನನಗೆ ಸೂಚಿಸಲಾಗಿದೆ. ಮಾತನಾಡಿದರೆ ಅವರಿಗೆ ಮಾನ್ಯತೆ ನೀಡಿದಂತಾಗುತ್ತದೆ ಎಂದು ಒಂದು ಗುಂಪು ವಾದಿಸುತ್ತದೆ. ಮಾತನಾಡದೆ ಅನ್ಯ ಮಾರ್ಗವಿಲ್ಲ ಎಂದು ಇನ್ನೊಂದು ಗುಂಪು ಉತ್ತರಿಸುತ್ತದೆ. ಟಿ.ವಿ. ಚರ್ಚೆಗಳಲ್ಲಿ ವಿಷಯ ಇಷ್ಟಕ್ಕೇ ಮುಗಿದುಹೋಗುತ್ತದೆ. ಆದರೆ ವಾಸ್ತವವಾಗಿ ಮಾತುಕತೆ ಎಂದೂ ನಿಂತಿಲ್ಲ. ಬಾಂಬುಗಳು ಬೀಳುತ್ತಿದ್ದಾಗಲೂ ಅದು ನಡೆದಿದೆ, ಸೇನೆ ಹೊರಡುವ ದಿನವೂ ನಡೆದಿದೆ, ಆ ಬಳಿಕವೂ ನಡೆದಿದೆ. ಆದುದರಿಂದ ನಾವು ಕೇಳಬೇಕಾದ ಪ್ರಶ್ನೆ, ಆ ಮೇಜಿನ ಮೇಲೆ ಯಾರ ವಿಷಯವನ್ನು ಇಡಲಾಯಿತು ಮತ್ತು ಯಾರ ವಿಷಯವನ್ನು ಇಡಲೇ ಇಲ್ಲ ಎಂಬುದು.

2020ರ ಫೆಬ್ರವರಿ 29ರಂದು ಕತಾರಿನ ದೋಹಾದಲ್ಲಿ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ಅಮೇರಿಕದ ಪರವಾಗಿ ಝಲ್ಮೈ ಖಲೀಲ್‌ಝಾದ್, ತಾಲಿಬಾನಿನ ಪರವಾಗಿ ಮುಲ್ಲಾ ಅಬ್ದುಲ್ ಗನಿ ಬರಾದರ್ ಸಹಿ ಹಾಕಿದರು. ಬರಾದರ್ 2010ರಲ್ಲಿ ಕರಾಚಿಯಲ್ಲಿ ಬಂಧಿತರಾದವರು. ಅವರನ್ನು 2018ರಲ್ಲಿ ಬಿಡುಗಡೆಗೊಳಿಸುವಂತೆ ಪಾಕಿಸ್ತಾನವನ್ನು ಕೇಳಿಕೊಂಡದ್ದು ಅಮೇರಿಕವೇ. ಮಾತನಾಡಲು ಅಧಿಕಾರವುಳ್ಳ ಒಬ್ಬ ವ್ಯಕ್ತಿ ಎದುರಿಗೆ ಬೇಕಿತ್ತಲ್ಲ! ತಾಲಿಬಾನಿನ ಸಂಧಾನಕಾರರಲ್ಲಿ ಗ್ವಾಂಟನಾಮೋ ಜೈಲಿನಲ್ಲಿ ಹನ್ನೆರಡು ವರ್ಷ ಕಳೆದವರೂ ಇದ್ದರು. 2014ರಲ್ಲಿ ಒಬ್ಬ ಅಮೇರಿಕನ್ ಸೈನಿಕನ ಬಿಡುಗಡೆಗೆ ಬದಲಾಗಿ ಅಂಥ ಐವರನ್ನು ಕತಾರಿಗೆ ಒಪ್ಪಿಸಲಾಗಿತ್ತು.

ಆ ಒಪ್ಪಂದದ ಪಠ್ಯವನ್ನು ಓದಿದವರಿಗೆ ಒಂದು ವಿಚಿತ್ರ ಎದ್ದು ಕಾಣುತ್ತದೆ. ತಾಲಿಬಾನಿನ ಹೆಸರು ಬರುವ ಕಡೆಗಳಲ್ಲೆಲ್ಲಾ, ಅಮೇರಿಕವು ಇದನ್ನು ರಾಷ್ಟ್ರವೆಂದು ಮಾನ್ಯ ಮಾಡಿಲ್ಲ ಎಂಬ ಉದ್ದನೆಯ ವಿಶೇಷಣವನ್ನು ಮತ್ತೆ ಮತ್ತೆ ಪೋಣಿಸಲಾಗಿದೆ. ಮಾನ್ಯತೆಯ ಬಗ್ಗೆ ಅಷ್ಟೊಂದು ಎಚ್ಚರ. ಆದರೆ ಇಡೀ ಒಪ್ಪಂದದಲ್ಲಿ ಮಹಿಳೆ ಎಂಬ ಪದ ಒಮ್ಮೆಯೂ ಇಲ್ಲ. ಶಾಲೆ ಇಲ್ಲ, ಆಸ್ಪತ್ರೆ ಇಲ್ಲ. ಹದಿನಾಲ್ಕು ತಿಂಗಳೊಳಗೆ ಸೇನೆಯನ್ನು ಹಿಂತೆಗೆಯುವುದು, ಅಫಘಾನ್ ನೆಲವನ್ನು ಅಲ್‌ಖಾಯಿದಾದಂತಹ ಗುಂಪುಗಳಿಗೆ ಬಳಸಲು ಬಿಡದಿರುವುದು, ಐದು ಸಾವಿರದವರೆಗೆ ತಾಲಿಬಾನ್ ಕೈದಿಗಳ ಮತ್ತು ಒಂದು ಸಾವಿರದವರೆಗೆ ಎದುರು ಪಕ್ಷದ ಕೈದಿಗಳ ಬಿಡುಗಡೆ, ಅಫಘಾನರು ತಮ್ಮೊಳಗೆ ಮಾತುಕತೆ ಆರಂಭಿಸುವುದು, ನಿರ್ಬಂಧಗಳ ಪುನರ್ವಿಮರ್ಶೆ. ಇವೇ ಮುಖ್ಯ ಅಂಶಗಳು.

ಆ ಐದು ಸಾವಿರ ಕೈದಿಗಳು ಅಮೇರಿಕದ ವಶದಲ್ಲಿರಲಿಲ್ಲ. ಅವರಿದ್ದದ್ದು ಅಶ್ರಫ್ ಗನಿ ಸರಕಾರದ ಜೈಲುಗಳಲ್ಲಿ. ಆ ಸರಕಾರವನ್ನು ದೋಹಾದ ಮೇಜಿಗೆ ಕರೆದೇ ಇರಲಿಲ್ಲ. ಕರೆಯದ ಸರಕಾರದ ಕೈದಿಗಳನ್ನು ಬಿಡುತ್ತೇವೆಂದು ಇನ್ನೊಬ್ಬರು ಮಾತು ಕೊಟ್ಟರು. ಗನಿ ಮೊದಲು ಒಪ್ಪಲಿಲ್ಲ, ಬಳಿಕ ಮಣಿದರು. ಆಂತರಿಕ ಮಾತುಕತೆ ಆರಂಭವಾಗುವಾಗ ಸೆಪ್ಟೆಂಬರ್ ತಿಂಗಳು ಬಂದಿತ್ತು, ಅಷ್ಟರಲ್ಲಿ ಆ ಸರಕಾರದ ಕೈಯಲ್ಲಿ ಚೌಕಾಸಿಗೆ ಉಳಿದದ್ದು ಅಲ್ಪ. ತನ್ನನ್ನು ಬಿಟ್ಟು ತನ್ನ ಭವಿಷ್ಯವನ್ನು ಬೇರೆಯವರು ತೀರ್ಮಾನಿಸಿದ್ದನ್ನು ಕಂಡ ಸೇನೆ ಮುಂದಿನ ವರ್ಷ ಯಾವ ಉತ್ಸಾಹದಿಂದ ಹೋರಾಡೀತು?

ಇದಕ್ಕಿಂತಲೂ ಹಿಂದಿನ ಒಂದು ಅಧ್ಯಾಯವಿದೆ. 2001ರ ಡಿಸೆಂಬರಿನಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಅಫಘಾನಿಸ್ತಾನದ ಹೊಸ ವ್ಯವಸ್ಥೆಯನ್ನು ರೂಪಿಸಲಾಯಿತು. ಸೋತ ತಾಲಿಬಾನಿಗೆ ಅಲ್ಲಿ ಸ್ಥಾನವಿರಲಿಲ್ಲ. ಅದೇ ದಿನಗಳಲ್ಲಿ ಕಂದಹಾರದ ತಾಲಿಬಾನ್ ನಾಯಕರು ಹಾಮಿದ್ ಕರ್ಝಾಯಿಯ ಮುಂದೆ ಶರಣಾಗತಿಯ ಪ್ರಸ್ತಾಪವಿಟ್ಟಿದ್ದರು. ಅಮೇರಿಕದ ರಕ್ಷಣಾ ಸಚಿವ ಡೊನಾಲ್ಡ್ ರಮ್ಸ್‌ಫೆಲ್ಡ್ ಯಾವುದೇ ರಾಜಿಗೆ ಒಪ್ಪಲಿಲ್ಲ. ಬಾನ್ ಸಮ್ಮೇಳನವನ್ನು ನಡೆಸಿದ ವಿಶ್ವಸಂಸ್ಥೆಯ ಲಖ್ದರ್ ಬ್ರಾಹಿಮಿ, ತಾಲಿಬಾನನ್ನು ಹೊರಗಿಟ್ಟದ್ದು ಸರಿಯಾಗಲಿಲ್ಲ ಎಂದು ಬಳಿಕ ಹೇಳಿದರು. ಅಂದು ಸೋತು ಕೈಚಾಚಿದವರೊಂದಿಗೆ ಮಾತನಾಡಲು ಸಿದ್ಧವಿರದ ಅಮೇರಿಕ, ಹದಿನೆಂಟು ವರ್ಷಗಳ ನಂತರ ಗೆಲ್ಲುತ್ತಿರುವವರೊಂದಿಗೆ ಮಾತನಾಡಿತು. ಈ ನಡುವೆ 2,400ಕ್ಕೂ ಹೆಚ್ಚು ಅಮೇರಿಕನ್ ಸೈನಿಕರೂ ನಲ್ವತ್ತು ಸಾವಿರಕ್ಕೂ ಹೆಚ್ಚು ಅಫಘಾನ್ ನಾಗರಿಕರೂ ಸತ್ತಿದ್ದರು.

2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನಿನ ಕೈಸೇರಿತು. ಅದೇ ಆಗಸ್ಟ್ 23ರಂದು ಅಮೇರಿಕದ ಗುಪ್ತಚರ ಸಂಸ್ಥೆ ಸಿ.ಐ.ಎ.ಯ ಮುಖ್ಯಸ್ಥ ವಿಲಿಯಂ ಬರ್ನ್ಸ್ ಕಾಬೂಲಿನಲ್ಲಿ ಬರಾದರ್‌ರನ್ನು ಭೇಟಿಯಾದರೆಂದು ವರದಿಯಾಯಿತು. ವಿಮಾನ ನಿಲ್ದಾಣದ ಒಳಗೆ ಅಮೇರಿಕದ ಸೈನಿಕರು, ಹೊರಗಿನ ಕಾವಲಿಗೆ ತಾಲಿಬಾನ್ ಯೋಧರು. ಇಪ್ಪತ್ತು ವರ್ಷ ಪರಸ್ಪರ ಗುಂಡಿಟ್ಟವರು ಎರಡು ವಾರ ಒಂದೇ ಗೇಟಿನ ಎರಡು ಬದಿಗಳಲ್ಲಿ ನಿಂತರು. ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರು ಹೊರಹೋದದ್ದು ಈ ಹೊಂದಾಣಿಕೆಯಿಂದಲೇ. ಆಗಸ್ಟ್ 26ರ ಸ್ಫೋಟದಲ್ಲಿ 13 ಅಮೇರಿಕನ್ ಸೈನಿಕರೂ ನೂರೈವತ್ತಕ್ಕೂ ಹೆಚ್ಚು ಅಫಘಾನರೂ ಹತರಾದರು. ಅದನ್ನು ನಡೆಸಿದ್ದು ಇಬ್ಬರಿಗೂ ಶತ್ರುವಾಗಿದ್ದ ಐಸಿಸ್‌ನ ಖುರಾಸಾನ್ ಶಾಖೆ. ಶತ್ರುವಿನೊಂದಿಗೆ ಮಾತು ಅಸಾಧ್ಯ ಎನ್ನುವವರು ಈ ಎರಡು ವಾರಗಳನ್ನು ನೆನಪಿಸಿಕೊಳ್ಳಬೇಕು. ತಮ್ಮ ಜನರನ್ನು ಹೊರತರಬೇಕಾದಾಗ ಮಾತು ಸಾಧ್ಯವಾಯಿತು.

ಹಾಗಾದರೆ ಒಳಗೆ ಉಳಿದ ಸುಮಾರು ನಾಲ್ಕು ಕೋಟಿ ಜನರ ಗತಿ?

ಇಲ್ಲಿ ಹಣದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಏಕೆಂದರೆ ಇದು ಬಂದೂಕಿನಷ್ಟು ಸದ್ದು ಮಾಡುವುದಿಲ್ಲ. ಹಿಂದಿನ ಸರಕಾರದ ಕಾಲದಲ್ಲಿ ಅಫಘಾನಿಸ್ತಾನದ ಸರಕಾರಿ ವೆಚ್ಚದ ಸುಮಾರು ಮುಕ್ಕಾಲು ಪಾಲು ವಿದೇಶಿ ನೆರವಿನಿಂದ ನಡೆಯುತ್ತಿತ್ತು. ಶಿಕ್ಷಕನ ಸಂಬಳ, ದಾದಿಯ ಸಂಬಳ, ಔಷಧ, ವಿದ್ಯುತ್ತು ಎಲ್ಲವೂ ಅದರಿಂದಲೇ. 2021ರ ಆಗಸ್ಟಿನಲ್ಲಿ ಅದು ಒಮ್ಮೆಲೇ ನಿಂತಿತು. ಅಷ್ಟೇ ಅಲ್ಲ, ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿದ್ದ ಅಫಘಾನ್ ಕೇಂದ್ರ ಬ್ಯಾಂಕಿನ ಸುಮಾರು 700 ಕೋಟಿ ಡಾಲರನ್ನು ಅಮೇರಿಕ ಸ್ತಂಭನಗೊಳಿಸಿತು. ಕೇಂದ್ರ ಬ್ಯಾಂಕಿನ ಮೀಸಲು ನಿಧಿ ಎಂದರೆ ಆಡಳಿತಗಾರರ ಜೇಬಿನ ಹಣವಲ್ಲ. ದೇಶದ ನಾಣ್ಯಕ್ಕೆ ಬೆಲೆ ಬರುವುದು ಅದರ ಆಧಾರದಿಂದ. ಆ ಆಧಾರ ಕೈತಪ್ಪಿದಾಗ ವ್ಯಾಪಾರಿಗೆ ಗೋಧಿ ಆಮದು ಮಾಡಿಕೊಳ್ಳಲು ಡಾಲರ್ ಸಿಗುವುದಿಲ್ಲ, ಬ್ಯಾಂಕಿನಲ್ಲಿ ಸ್ವಂತ ಉಳಿತಾಯವಿಟ್ಟವನಿಗೆ ವಾರಕ್ಕೆ ಇಂತಿಷ್ಟೇ ಎಂದು ಮಿತಿ ಬೀಳುತ್ತದೆ. ಕಾಬೂಲಿನ ಬ್ಯಾಂಕುಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತವರಲ್ಲಿ ಯಾವ ತಾಲಿಬಾನ್ ಸಚಿವನೂ ಇರಲಿಲ್ಲ. ಆ ಚಳಿಗಾಲದಲ್ಲಿ 2.28 ಕೋಟಿ ಜನರು, ಅಂದರೆ ಜನಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಮಂದಿ, ತೀವ್ರ ಹಸಿವನ್ನು ಎದುರಿಸಲಿದ್ದಾರೆಂದು ವಿಶ್ವಸಂಸ್ಥೆ ಅಂದಾಜಿಸಿತು.

2022ರ ಫೆಬ್ರವರಿಯಲ್ಲಿ ಅಧ್ಯಕ್ಷ ಬೈಡನ್ ಆ ಹಣವನ್ನು ಇಬ್ಭಾಗ ಮಾಡುವ ಆದೇಶ ಹೊರಡಿಸಿದರು. ಅರ್ಧ ಅಫಘಾನ್ ಜನರ ಹಿತಕ್ಕೆ. ಇನ್ನರ್ಧವನ್ನು 2001ರ ಸೆಪ್ಟೆಂಬರ್ 11ರ ದಾಳಿಯ ಸಂತ್ರಸ್ತರ ಮೊಕದ್ದಮೆಗಳು ಇತ್ಯರ್ಥವಾಗುವವರೆಗೆ ಮೀಸಲು. ಆ ದಾಳಿ ನಡೆಸಿದವರಲ್ಲಿ ಒಬ್ಬನೂ ಅಫಘಾನನಾಗಿರಲಿಲ್ಲ ಎಂಬುದನ್ನು ನೆನಪಿಸಬೇಕಾಗಿಲ್ಲ. ಹಸಿದವರ ಹಣ ನಮಗೆ ಬೇಡ ಎಂದು ಆ ಸಂತ್ರಸ್ತ ಕುಟುಂಬಗಳಲ್ಲೇ ಕೆಲವರು ಬಹಿರಂಗವಾಗಿ ಹೇಳಿದರು. ಅಮೇರಿಕದ ಬಗ್ಗೆ ಮಾತನಾಡುವಾಗ ನಮ್ಮ ವೇದಿಕೆಗಳಲ್ಲಿ ಈ ಕುಟುಂಬಗಳ ಪ್ರಸ್ತಾಪ ಬರುವುದೇ ಇಲ್ಲ, ಬರಬೇಕು. 2023ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ಸಂತ್ರಸ್ತರಿಗೆ ಈ ಹಣ ಸಲ್ಲದೆಂದು ತೀರ್ಪಿತ್ತರು. ತಾಲಿಬಾನಿನ ಸಾಲಕ್ಕೆ ಅಫಘಾನ್ ಬ್ಯಾಂಕಿನ ಹಣವನ್ನು ವಸೂಲಿ ಮಾಡಬೇಕಾದರೆ ಮೊದಲು ತಾಲಿಬಾನನ್ನು ಅಫಘಾನಿಸ್ತಾನದ ಅಧಿಕೃತ ಸರಕಾರವೆಂದು ಒಪ್ಪಬೇಕಾಗುತ್ತದೆ, ಅದು ನ್ಯಾಯಾಲಯದ ಅಧಿಕಾರವಲ್ಲ ಎಂಬುದು ಅದರ ಸಾರ. ಮೊದಲರ್ಧವಾದ 350 ಕೋಟಿ ಡಾಲರನ್ನು 2022ರ ಸೆಪ್ಟೆಂಬರಿನಲ್ಲಿ ಸ್ವಿಝರ್‌ಲ್ಯಾಂಡಿನ ಒಂದು ನಿಧಿಗೆ ವರ್ಗಾಯಿಸಲಾಯಿತು. 2025ರ ಆರಂಭದ ಹೊತ್ತಿಗೆ ಅದು ಬಡ್ಡಿ ಸೇರಿ 400 ಕೋಟಿಯ ಹತ್ತಿರಕ್ಕೆ ಬೆಳೆದಿತ್ತು. ಯಾರ ಹಿತಕ್ಕೆಂದು ಅದನ್ನು ಸ್ಥಾಪಿಸಲಾಯಿತೋ ಅವರಿಗೆ ಅಷ್ಟರವರೆಗೆ ಅದರಿಂದ ಏನೂ ಸಂದಿರಲಿಲ್ಲ.

ಇಷ್ಟರ ನಡುವೆ ಜನರು ಸಂಪೂರ್ಣವಾಗಿ ಸಾಯದಂತೆ ತಡೆದದ್ದು ಭದ್ರತಾ ಮಂಡಳಿಯ ಒಂದು ಸಣ್ಣ ನಿರ್ಣಯ. 2021ರ ಡಿಸೆಂಬರ್ 22ರ ಆ ನಿರ್ಣಯವು ಮಾನವೀಯ ನೆರವನ್ನು ನಿರ್ಬಂಧಗಳಿಂದ ಹೊರಗಿಟ್ಟಿತು. ಬ್ಯಾಂಕುಗಳು ಹಣ ರವಾನಿಸಲು ಹೆದರುತ್ತಿದ್ದುದರಿಂದ ವಿಶ್ವಸಂಸ್ಥೆಯು ಡಾಲರ್ ನೋಟಿನ ಕಟ್ಟುಗಳನ್ನು ವಿಮಾನದಲ್ಲಿ ತುಂಬಿಸಿ ಕಾಬೂಲಿಗೆ ಕಳುಹಿಸಿತು. ವರ್ಷಗಳ ಕಾಲ ಹೀಗೆಯೇ ನಡೆಯಿತು. ಬ್ಯಾಂಕಿನ ಮೂಲಕ ಸುಲಭವಾಗಿ ಆಗಬಹುದಾಗಿದ್ದ ಕೆಲಸವನ್ನು ವಿಮಾನದಲ್ಲಿ ನೋಟು ಹೊತ್ತು ಮಾಡಬೇಕಾಯಿತು.

ದಿಗ್ಬಂಧನದಿಂದ ಇಂಥ ಆಡಳಿತ ಬಾಗುತ್ತದೆಯೇ? ಇದಕ್ಕೆ ಉತ್ತರ ಹುಡುಕಲು ಅಮೇರಿಕದ ಇನ್ನೊಂದು ಸೋಲಿನ ಕಡೆಗೆ, ವಿಯೆಟ್ನಾಮಿನ ಕಡೆಗೆ ತಿರುಗಬೇಕು. 1973ರ ಜನವರಿಯ ಪ್ಯಾರಿಸ್ ಒಪ್ಪಂದದ ಬಳಿಕ ಅಧ್ಯಕ್ಷ ನಿಕ್ಸನ್, ಯುದ್ಧಾನಂತರದ ಪುನರ್ನಿರ್ಮಾಣಕ್ಕೆ 325 ಕೋಟಿ ಡಾಲರ್ ನೆರವಿನ ಪ್ರಸ್ತಾಪವಿದ್ದ ಪತ್ರವನ್ನು ಹನೋಯಿಗೆ ಬರೆದರು. ಆ ಹಣ ಎಂದೂ ಬರಲಿಲ್ಲ. 1975ರ ಏಪ್ರಿಲ್ 30ರಂದು ಸೈಗಾನ್ ಪತನವಾದಾಗ ಉತ್ತರ ವಿಯೆಟ್ನಾಮಿನ ಮೇಲೆ ಮೊದಲೇ ಇದ್ದ ವ್ಯಾಪಾರ ದಿಗ್ಬಂಧನವನ್ನು ಇಡೀ ದೇಶಕ್ಕೆ ವಿಸ್ತರಿಸಲಾಯಿತು. 1977ರಲ್ಲಿ ಕಾರ್ಟರ್ ಸರಕಾರ ಮಾತುಕತೆಗೆ ಪ್ರಯತ್ನಿಸಿತು. ನಿಕ್ಸನ್ ಹೇಳಿದ ಹಣ ಮೊದಲು ಬರಲಿ ಎಂದು ಹನೋಯಿ ಪಟ್ಟು ಹಿಡಿಯಿತು, ಅದು ಸಾಧ್ಯವೇ ಇಲ್ಲ ಎಂದು ಅಮೇರಿಕದ ಸಂಸತ್ತು ಹೇಳಿತು. ಮರುವರ್ಷ ವಿಯೆಟ್ನಾಮ್ ಕಾಂಬೋಡಿಯಾದೊಳಗೆ ಸೇನೆ ನುಗ್ಗಿಸಿದಾಗ ಬಾಗಿಲು ಪೂರ್ತಿ ಮುಚ್ಚಿತು. ದಿಗ್ಬಂಧನ ಹತ್ತೊಂಬತ್ತು ವರ್ಷ ಮುಂದುವರಿಯಿತು. ಆ ಅವಧಿಯಲ್ಲಿ ವಿಯೆಟ್ನಾಮಿನ ಕಮ್ಯುನಿಸ್ಟ್ ಪಕ್ಷ ಅಧಿಕಾರದಿಂದ ಇಳಿಯಲಿಲ್ಲ, ಜನರು ದೋಣಿಗಳಲ್ಲಿ ಸಮುದ್ರಕ್ಕೆ ಬಿದ್ದರು.

ಆ ಮುಚ್ಚಿದ ಬಾಗಿಲು ತೆರೆದದ್ದು ಅತಿ ಸಣ್ಣ ವಿಷಯವೊಂದರಿಂದ. ಯುದ್ಧದಲ್ಲಿ ಕಾಣೆಯಾದ ಸುಮಾರು ಎರಡೂವರೆ ಸಾವಿರ ಅಮೇರಿಕನ್ನರ ಪಾರ್ಥಿವ ಅವಶೇಷಗಳು ಅವರ ಮನೆಯವರಿಗೆ ಬೇಕಾಗಿದ್ದವು. 1987ರಲ್ಲಿ ಅಧ್ಯಕ್ಷ ರೇಗನ್ ನಿವೃತ್ತ ಜನರಲ್ ಜಾನ್ ವೆಸ್ಸಿಯನ್ನು ಹನೋಯಿಗೆ ಕಳುಹಿಸಿದರು. ಕಾಣೆಯಾದವರ ಪತ್ತೆಗೆ ಹನೋಯಿ ಸಹಕರಿಸುವುದು, ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ವಿಯೆಟ್ನಾಮೀಯರಿಗೆ ಕೃತಕ ಅಂಗಗಳು ದೊರೆಯುವಂತೆ ಅಮೇರಿಕ ನೆರವಾಗುವುದು ಎಂಬ ದಾರಿ ಅಲ್ಲಿ ಮೂಡಿತು. ಗಮನಿಸಿ, ಎರಡೂ ಕಡೆಯ ಸಾಮಾನ್ಯ ಜನರ ಅಗತ್ಯ ಮೇಜಿನ ಮೇಲೆ ಬಂತು. ಮರುವರ್ಷದಿಂದ ಎರಡು ದೇಶಗಳ ಜನರು ಜೊತೆಯಾಗಿ ಹಳ್ಳಿಗಳಲ್ಲಿ ಮಣ್ಣು ಅಗೆಯತೊಡಗಿದರು. 1989ರಲ್ಲಿ ವಿಯೆಟ್ನಾಮ್ ಕಾಂಬೋಡಿಯಾದಿಂದ ಸೇನೆಯನ್ನು ಹಿಂದಕ್ಕೆ ಕರೆಸಿತು. 1994ರ ಫೆಬ್ರವರಿಯಲ್ಲಿ ದಿಗ್ಬಂಧನ ತೆರವಾಯಿತು, 1995ರ ಜುಲೈಯಲ್ಲಿ ರಾಜತಾಂತ್ರಿಕ ಸಂಬಂಧ ಏರ್ಪಟ್ಟಿತು. 1997ರಲ್ಲಿ ಅಮೇರಿಕದ ರಾಯಭಾರಿಯಾಗಿ ಹನೋಯಿಗೆ ಬಂದ ಪೀಟ್ ಪೀಟರ್‌ಸನ್, ಅದೇ ದೇಶದಲ್ಲಿ ಆರು ವರ್ಷಕ್ಕೂ ಹೆಚ್ಚು ಕಾಲ ಯುದ್ಧಕೈದಿಯಾಗಿದ್ದವರು.

ವಿಯೆಟ್ನಾಮಿನ ಉದಾಹರಣೆಯನ್ನು ಯಥಾವತ್ ಕಾಬೂಲಿಗೆ ಅನ್ವಯಿಸಲಾಗದು ಎಂಬುದನ್ನೂ ಹೇಳಬೇಕು. ಹನೋಯಿಯ ಆಡಳಿತಕ್ಕೆ ವ್ಯಾಪಾರ ಬೇಕಿತ್ತು, 1986ರಿಂದ ಅದು ತನ್ನ ಆರ್ಥಿಕ ನೀತಿಯನ್ನೇ ಬದಲಿಸಿಕೊಂಡಿತ್ತು. ತಾಲಿಬಾನಿನ ಸರ್ವೋಚ್ಚ ನಾಯಕ ಹೈಬತುಲ್ಲಾ ಅಖುಂದ್‌ಝಾದಾ ಕಂದಹಾರದಲ್ಲಿ ಕುಳಿತು ಆದೇಶ ಹೊರಡಿಸುತ್ತಾರೆ. ಮಾತುಕತೆಗೆ ಸಿಗುವ ಕಾಬೂಲಿನ ಸಚಿವರಿಗೆ ಆ ಆದೇಶವನ್ನು ಬದಲಿಸುವ ಶಕ್ತಿಯಿಲ್ಲ. ಹೊರಗಿನವರ ಒತ್ತಡವನ್ನು ಅವರು ತಮ್ಮ ಹಠಕ್ಕೆ ಸಮರ್ಥನೆಯಾಗಿ ಬಳಸುತ್ತಾರೆ. ಅಲ್‌ಖಾಯಿದಾ ವಿಷಯದಲ್ಲಿ ದೋಹಾದಲ್ಲಿ ಕೊಟ್ಟ ಮಾತಿನ ಗತಿ ಏನಾಯಿತೆಂಬುದನ್ನೂ ಮರೆಯಬಾರದು. 2022ರ ಜುಲೈ 31ರಂದು ಐಮನ್ ಅಲ್ ಝವಾಹಿರಿ ಅಮೇರಿಕದ ಡ್ರೋನ್ ದಾಳಿಗೆ ಬಲಿಯಾದದ್ದು ಯಾವುದೋ ಗುಹೆಯಲ್ಲಲ್ಲ, ಕಾಬೂಲ್ ನಗರದ ಮಧ್ಯದ ಮನೆಯೊಂದರಲ್ಲಿ.

ಇಂಥವರಿಂದಲೂ ಅಮೇರಿಕ ತನಗೆ ಬೇಕಾದುದನ್ನು ಪಡೆದುಕೊಂಡಿದೆ, ಅವರೂ ಪಡೆದುಕೊಂಡಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಒಬ್ಬ ಅಮೇರಿಕನ್ ಗುತ್ತಿಗೆದಾರನ ಬದಲಿಗೆ, ಮಾದಕವಸ್ತು ಪ್ರಕರಣದಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ಬಶೀರ್ ನೂರ್‌ಝಾಯಿ ಬಿಡುಗಡೆಯಾದರು. 2025ರ ಜನವರಿಯಲ್ಲಿ ಇಬ್ಬರು ಅಮೇರಿಕನ್ನರಿಗೆ ಬದಲಾಗಿ ಇನ್ನೊಬ್ಬ ಅಫಘಾನ್ ಕೈದಿ. ಅದೇ ವರ್ಷದ ಮಾರ್ಚಿನಲ್ಲಿ ಅಮೇರಿಕದ ವಿಶೇಷ ಪ್ರತಿನಿಧಿ ಆಡಮ್ ಬೋಲರ್, ದೋಹಾದ ಹಳೆಯ ಸಂಧಾನಕಾರ ಖಲೀಲ್‌ಝಾದ್‌ರ ಜೊತೆ ಕಾಬೂಲಿಗೇ ಹೋಗಿ ಒಬ್ಬರನ್ನು ಕರೆತಂದರು. ಅದರ ಬೆನ್ನಿಗೆ ಆಂತರಿಕ ಸಚಿವ ಸಿರಾಜುದ್ದೀನ್ ಹಕ್ಕಾನಿಯ ತಲೆಗೆ ಕಟ್ಟಿದ್ದ ಒಂದು ಕೋಟಿ ಡಾಲರ್ ಬಹುಮಾನ ರದ್ದಾಯಿತು. ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಬಗ್ರಾಮ್ ವಾಯುನೆಲೆಯನ್ನು ಮರಳಿ ಕೊಡಿ ಎಂದು ಕೇಳಿದರು, ತಾಲಿಬಾನ್ ನಿರಾಕರಿಸಿತು. ಬಂಧಿತರು ಮನೆ ಸೇರುವುದು ಒಳ್ಳೆಯದೇ. ಆದರೆ ಅದೇ 2025ರಲ್ಲಿ ಅಮೇರಿಕ ಅಫಘಾನಿಸ್ತಾನಕ್ಕೆ ಕೊಡುತ್ತಿದ್ದ ನೆರವನ್ನು ಕಡಿದುಹಾಕಿತು, ನೂರಾರು ಚಿಕಿತ್ಸಾಲಯಗಳು ಮುಚ್ಚಿದವು. ಅದೇ ವರ್ಷ ಇರಾನ್ ಮತ್ತು ಪಾಕಿಸ್ತಾನಗಳಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಅಫಘಾನರು ಮರಳಿದರು. ಅವರಲ್ಲಿ ಬಹಳ ಮಂದಿ ದಬ್ಬಿಸಿಕೊಂಡು ಬಂದವರು. ಬಹುಮಾನ, ಕೈದಿ, ವಾಯುನೆಲೆಗಳಿಗೆಲ್ಲ ಮೇಜಿನ ಮೇಲೆ ಜಾಗವಿತ್ತು. ಚಿಕಿತ್ಸಾಲಯಕ್ಕೆ ಇರಲಿಲ್ಲ.

2022ರ ಏಪ್ರಿಲಿನಲ್ಲಿ ತಾಲಿಬಾನ್ ಅಫೀಮು ಬೆಳೆಯನ್ನು ನಿಷೇಧಿಸಿತು. ಮರುವರ್ಷ ಬೆಳೆಯ ಪ್ರದೇಶ ಶೇ. 95ರಷ್ಟು ಇಳಿಯಿತೆಂದು ವಿಶ್ವಸಂಸ್ಥೆಯ ಮಾದಕವಸ್ತು ಕಚೇರಿಯೇ ವರದಿ ಮಾಡಿತು. ಇಪ್ಪತ್ತು ವರ್ಷಗಳಲ್ಲಿ ಅಮೇರಿಕಕ್ಕೆ ಸಾಧ್ಯವಾಗದ ಕೆಲಸವಿದು. ಆದರೆ ಅಫೀಮಿನಿಂದ ರೈತರಿಗೆ ಬರುತ್ತಿದ್ದ 136 ಕೋಟಿ ಡಾಲರ್ ಆದಾಯ ಒಂದೇ ವರ್ಷದಲ್ಲಿ 11 ಕೋಟಿಗೆ ಕುಸಿಯಿತು. ಬದಲಿ ಬೆಳೆಗೆ ಬೀಜ, ನೀರು, ಮಾರುಕಟ್ಟೆ ಕೊಡುವ ಮಾತು ನಡೆಯಬೇಕಾದ ಹೊತ್ತು ಅದಾಗಿತ್ತು. ಆ ನಷ್ಟಕ್ಕೆ ಸರಿಸಾಟಿಯಾದ ನೆರವನ್ನು ಯಾರೂ ಮುಂದಿಡಲಿಲ್ಲ.

ಇನ್ನು ನಮ್ಮ ದೇಶದ ಕಡೆಗೆ ಬರೋಣ. ಭಾರತಕ್ಕೆ ತಾಲಿಬಾನಿನ ಬಗ್ಗೆ ಕಹಿ ನೆನಪುಗಳಿವೆ. 1999ರ ಡಿಸೆಂಬರಿನಲ್ಲಿ ಅಪಹೃತ ವಿಮಾನ ಕಂದಹಾರದಲ್ಲಿ ನಿಂತದ್ದು, 2008ರ ಜುಲೈಯಲ್ಲಿ ಕಾಬೂಲಿನ ನಮ್ಮ ರಾಯಭಾರ ಕಚೇರಿಯ ಮೇಲಿನ ದಾಳಿಯಲ್ಲಿ ಐವತ್ತಕ್ಕೂ ಹೆಚ್ಚು ಜನರು ಸತ್ತದ್ದು ಮರೆಯುವಂಥದ್ದಲ್ಲ. ಆದರೂ 2021ರ ಆಗಸ್ಟ್ 31ರಂದೇ ದೋಹಾದಲ್ಲಿ ನಮ್ಮ ರಾಯಭಾರಿ ತಾಲಿಬಾನ್ ನಾಯಕ ಶೇರ್ ಮುಹಮ್ಮದ್ ಅಬ್ಬಾಸ್ ಸ್ತಾನಿಕ್‌ಝಾಯಿಯನ್ನು ಭೇಟಿಯಾದರು. ಈ ಸ್ತಾನಿಕ್‌ಝಾಯಿ ಒಂದು ಕಾಲದಲ್ಲಿ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯಲ್ಲಿ ತರಬೇತಿ ಪಡೆದವರು. 2022ರಲ್ಲಿ ಭಾರತ ಐವತ್ತು ಸಾವಿರ ಟನ್ ಗೋಧಿಯ ನೆರವನ್ನು ಪಾಕಿಸ್ತಾನದ ರಸ್ತೆಯ ಮೂಲಕವೇ ಕಳುಹಿಸಲು ಆರಂಭಿಸಿತು. ಅದೇ ಜೂನಿನಲ್ಲಿ ಕಾಬೂಲಿನಲ್ಲಿ ತಾಂತ್ರಿಕ ತಂಡವೊಂದನ್ನು ನೆಲೆಗೊಳಿಸಿತು. 2025ರ ಅಕ್ಟೋಬರಿನಲ್ಲಿ ತಾಲಿಬಾನ್ ವಿದೇಶಾಂಗ ಸಚಿವ ಅಮೀರ್ ಖಾನ್ ಮುತ್ತಕಿ ದೆಹಲಿಗೆ ಬಂದಾಗ ಆ ತಂಡವನ್ನು ಪೂರ್ಣ ರಾಯಭಾರ ಕಚೇರಿಯಾಗಿ ಮೇಲ್ದರ್ಜೆಗೇರಿಸುವುದಾಗಿ ಘೋಷಿಸಲಾಯಿತು. ಅಷ್ಟರಲ್ಲಿ ಚೀನಾ ಅವರ ರಾಯಭಾರಿಯನ್ನು ಸ್ವೀಕರಿಸಿತ್ತು, ರಷ್ಯಾ 2025ರ ಜುಲೈಯಲ್ಲಿ ಔಪಚಾರಿಕ ಮಾನ್ಯತೆಯನ್ನೇ ನೀಡಿತ್ತು. ಭಾರತ ಮಾನ್ಯತೆ ನೀಡದೆಯೇ ಮಾತಿನ ದಾರಿ ಹಿಡಿಯಿತು. ಈ ನಿಲುವನ್ನು ನಾನು ಆಕ್ಷೇಪಿಸುವುದಿಲ್ಲ.

ಆದರೆ ಒಂದು ಮಾತನ್ನು ಹೇಳದಿರಲಾಗದು. 2021ರ ಆಗಸ್ಟಿನಲ್ಲಿ ತಾಲಿಬಾನನ್ನು ಬೆಂಬಲಿಸಿ ಬರೆದರೆಂಬ ಆರೋಪದ ಮೇಲೆ ಅಸ್ಸಾಮಿನಲ್ಲಿ ಹದಿನಾಲ್ಕು ಮಂದಿಯನ್ನು ಬಂಧಿಸಲಾಯಿತು. ಉತ್ತರ ಪ್ರದೇಶದ ಸಂಸದ ಶಫೀಕುರ್ರಹ್ಮಾನ್ ಬರ್ಕ್ ಅವರ ಮೇಲೆ ಹೇಳಿಕೆಯೊಂದಕ್ಕಾಗಿ ದೇಶದ್ರೋಹದ ಪ್ರಕರಣ ದಾಖಲಾಯಿತು. ನಾಲ್ಕು ವರ್ಷಗಳ ಬಳಿಕ ಅದೇ ತಾಲಿಬಾನಿನ ಸಚಿವರಿಗೆ ದೆಹಲಿಯಲ್ಲಿ ಸ್ವಾಗತ ದೊರೆಯಿತು. ಈ ಎರಡನ್ನೂ ಜೋಡಿಸಿ ನೋಡಿದವರು ಕಡಿಮೆ. ಇನ್ನೊಂದು ಬದಿಯಲ್ಲಿ, ಒಂದು ಸಾಮ್ರಾಜ್ಯಶಕ್ತಿ ಸೋತಿತೆಂಬ ಸಂತಸದಲ್ಲಿ, ಗೆದ್ದವರು ತಮ್ಮದೇ ಹೆಣ್ಣುಮಕ್ಕಳಿಗೆ ಮಾಡುತ್ತಿರುವುದೇನೆಂದು ಕೇಳಲು ಮರೆತವರು ನಮ್ಮ ಸಮುದಾಯದಲ್ಲೂ ಇದ್ದಾರೆ. ಅಮೇರಿಕ ಸೋತದ್ದು ಒಂದು ಸಂಗತಿ, ಆರನೇ ತರಗತಿಯ ಮೇಲಿನ ಹುಡುಗಿಗೆ ಶಾಲೆ ಇಲ್ಲದಿರುವುದು ಬೇರೆಯೇ ಸಂಗತಿ.

2022ರ ಮಾರ್ಚ್ 23ರಂದು ಹುಡುಗಿಯರ ಪ್ರೌಢಶಾಲೆಗಳು ತೆರೆಯುತ್ತವೆ ಎಂದು ಘೋಷಿಸಲಾಗಿತ್ತು. ಮಕ್ಕಳು ಸಮವಸ್ತ್ರ ಧರಿಸಿ ತರಗತಿಯೊಳಗೆ ಕುಳಿತ ಮೇಲೆ ಮನೆಗೆ ಹೋಗಿ ಎಂಬ ಆದೇಶ ಬಂತು. ಅದೇ ಡಿಸೆಂಬರಿನಲ್ಲಿ ವಿಶ್ವವಿದ್ಯಾನಿಲಯಗಳ ಬಾಗಿಲು ಮುಚ್ಚಿತು. 2024ರ ಡಿಸೆಂಬರಿನಲ್ಲಿ ದಾದಿ ಮತ್ತು ಸೂಲಗಿತ್ತಿಯರ ತರಬೇತಿಯಿಂದಲೂ ಮಹಿಳೆಯರನ್ನು ಹೊರಗಿಡಲಾಯಿತು. ಹೆಣ್ಣನ್ನು ಪರಪುರುಷ ವೈದ್ಯ ಮುಟ್ಟಬಾರದೆನ್ನುವವರೇ ಹೆಣ್ಣು ವೈದ್ಯೆಯಾಗುವುದನ್ನು ತಡೆದರೆ ಹೆರಿಗೆಯ ನೋವಿನಲ್ಲಿರುವವಳು ಎಲ್ಲಿಗೆ ಹೋಗಬೇಕು? 2025ರ ಆಗಸ್ಟ್ 31ರ ಕುನಾರ್ ಭೂಕಂಪದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರು ಸತ್ತಾಗ, ಗಾಯಗೊಂಡ ಹೆಂಗಸರ ಆರೈಕೆಗೆ ಮಹಿಳಾ ಸಿಬ್ಬಂದಿ ಸಾಲದೆ, ಅವರ ಮೇಲಿನ ನಿರ್ಬಂಧ ಸಡಿಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಬೇಡಿಕೊಳ್ಳಬೇಕಾಯಿತು.

ಈ ವಿಷಯದಲ್ಲಿ ವಾಷಿಂಗ್ಟನ್ನಿನ ಮಾತಿಗೆ ಕಂದಹಾರದಲ್ಲಿ ಬೆಲೆಯಿಲ್ಲ. ಬಾಂಬು ಹಾಕಿದವರು ಶಾಲೆಯ ಬಗ್ಗೆ ಉಪದೇಶ ಮಾಡಿದರೆ ಅಲ್ಲಿನ ಜನ ಕೇಳುವುದಾದರೂ ಹೇಗೆ? ಮಾತಿಗೆ ಬೆಲೆ ಇರುವುದು ಬೇರೆಯವರಿಗೆ. ವಿಶ್ವವಿದ್ಯಾನಿಲಯ ನಿಷೇಧ ಬಂದ ದಿನಗಳಲ್ಲೇ ಅಲ್ ಅಝ್‌ಹರ್‌ನ ಮುಖ್ಯ ಇಮಾಮ್ ಅಹ್ಮದ್ ಅತ್ತಯ್ಯಿಬ್, ಇದು ಶರೀಅತ್‌ಗೆ ವಿರುದ್ಧವೆಂದು ಸ್ಪಷ್ಟವಾಗಿ ಹೇಳಿದರು. ಇಸ್ಲಾಮೀ ಸಹಕಾರ ಸಂಘಟನೆಯೂ ಖಂಡಿಸಿತು. ತಾಲಿಬಾನಿನ ಒಳಗೂ ಧ್ವನಿಗಳಿವೆ. ಆಗಲೇ ಹೆಸರಿಸಿದ ಸ್ತಾನಿಕ್‌ಝಾಯಿ 2025ರ ಜನವರಿಯಲ್ಲಿ, ಆಗಿನ್ನೂ ಉಪ ವಿದೇಶಾಂಗ ಸಚಿವರಾಗಿದ್ದಾಗ, ಈ ನಿಷೇಧಕ್ಕೆ ಯಾವ ಸಮರ್ಥನೆಯೂ ಇಲ್ಲವೆಂದು ಬಹಿರಂಗ ಸಭೆಯಲ್ಲಿ ಹೇಳಿದರು. ಬಳಿಕ ದೇಶ ಬಿಟ್ಟು ಹೋದರೆಂಬ ವರದಿಗಳು ಬಂದವು. ಮುತ್ತಕಿ ದೆಹಲಿಯಲ್ಲಿ, ಹೆಣ್ಣುಮಕ್ಕಳ ಶಿಕ್ಷಣವನ್ನು ಹರಾಮ್ ಎಂದು ನಾವು ಸಾರಿಲ್ಲ, ಮುಂದಿನ ಆದೇಶದವರೆಗೆ ತಡೆಹಿಡಿದಿದ್ದೇವೆ ಎಂಬರ್ಥದ ಉತ್ತರ ನೀಡಿದರು. ಹರಾಮ್ ಅಲ್ಲದ್ದನ್ನು ನಾಲ್ಕು ವರ್ಷ ತಡೆದದ್ದು ಯಾವ ಆಧಾರದ ಮೇಲೆ ಎಂದು ಕೇಳಲು ಆ ಉತ್ತರವೇ ಅವಕಾಶ ಕೊಡುತ್ತದೆ. ಅದೇ ಪ್ರವಾಸದಲ್ಲಿ ಅವರು ದೇವ್‌ಬಂದ್‌ನ ದಾರುಲ್ ಉಲೂಮ್‌ಗೂ ಹೋದರು. ತಾಲಿಬಾನ್ ಗೌರವದಿಂದ ಕಾಣುವ ಪರಂಪರೆ ಅದು. ಅಲ್ಲಿನ ಉಲಮಾಗಳು ಈ ಒಂದು ಪ್ರಶ್ನೆಯನ್ನು ಮುಖಾಮುಖಿ ಕೇಳಿದರೆ ಅದನ್ನು ಪಾಶ್ಚಾತ್ಯರ ಒತ್ತಡವೆಂದು ತಳ್ಳಿಹಾಕಲು ಕಂದಹಾರಕ್ಕೆ ಸಾಧ್ಯವಾಗದು.

ದುರದೃಷ್ಟವೆಂದರೆ ಅಫಘಾನ್ ಮಹಿಳೆಯನ್ನು ಹೊರಗಿಡುವ ರೋಗ ತಾಲಿಬಾನಿಗೆ ಮಾತ್ರ ಸೀಮಿತವಾಗಿಲ್ಲ. 2024ರ ಜೂನ್ ಕೊನೆಯಲ್ಲಿ ವಿಶ್ವಸಂಸ್ಥೆ ದೋಹಾದಲ್ಲಿ ಕರೆದ ಸಭೆಗೆ ತಾಲಿಬಾನ್ ಬರಲೆಂದು ಅಫಘಾನ್ ಮಹಿಳೆಯರನ್ನು ಮುಖ್ಯ ಮಾತುಕತೆಯಿಂದ ಹೊರಗಿಡಲಾಯಿತು. ಅವರ ಭೇಟಿ ಬಳಿಕ ಪ್ರತ್ಯೇಕವಾಗಿ ನಡೆಯಿತು. 2025ರ ಅಕ್ಟೋಬರ್ 10ರಂದು ದೆಹಲಿಯಲ್ಲಿ ಮುತ್ತಕಿಯ ಪತ್ರಿಕಾಗೋಷ್ಠಿಗೆ ಮಹಿಳಾ ಪತ್ರಕರ್ತರಿಗೆ ಪ್ರವೇಶ ಸಿಗಲಿಲ್ಲ. ದೇಶದಾದ್ಯಂತ ಆಕ್ಷೇಪ ಎದ್ದಿತು. ಎರಡು ದಿನಗಳ ಬಳಿಕ ಮತ್ತೊಂದು ಗೋಷ್ಠಿ ಕರೆಯಲಾಯಿತು, ಮಹಿಳೆಯರು ಮುಂದಿನ ಸಾಲಿನಲ್ಲಿ ಕುಳಿತು ಪ್ರಶ್ನೆ ಕೇಳಿದರು, ಅವರು ಉತ್ತರಿಸಿದರು. ಷರತ್ತು ಹಾಕಿದರೆ ಮಾತು ಮುರಿದು ಬೀಳುತ್ತದೆ ಎನ್ನುವವರಿಗೆ ಈ ಎರಡು ದಿನಗಳನ್ನು ತೋರಿಸಬಹುದು. ಕೇಳಿದ್ದು ಸಿಕ್ಕಿತು, ಕೇಳಿದ್ದರಿಂದಲೇ ಸಿಕ್ಕಿತು.

ಕಾಬೂಲಿನ ನಮ್ಮ ರಾಯಭಾರ ಕಚೇರಿಗೆ ಕೇಳಲು ಸಾಕಷ್ಟು ವಿಷಯಗಳಿವೆ. ಕಾಬೂಲಿನಲ್ಲಿ ಭಾರತದ ನೆರವಿನ ಮಕ್ಕಳ ಆಸ್ಪತ್ರೆ ಇದೆ, ಅಲ್ಲಿ ಹೆಣ್ಣುಮಕ್ಕಳಿಗೆ ದಾದಿ ತರಬೇತಿ ಕೊಡಿಸಲು ಒಪ್ಪಿಗೆ ಕೇಳಬಹುದು. ಅಫೀಮು ಬಿಟ್ಟ ರೈತನ ದಾಳಿಂಬೆ, ಬಾದಾಮಿಗಳಿಗೆ ನಮ್ಮ ಮಾರುಕಟ್ಟೆ ತೆರೆಯುವ ಬದಲಿಗೆ ಒಂದು ಜಿಲ್ಲೆಯ ಶಾಲೆಗಳನ್ನಾದರೂ ತೆರೆಯಿರಿ ಎನ್ನಬಹುದು. ಇವೆಲ್ಲ ಕಾಬೂಲಿನ ಒಪ್ಪಿಗೆ ಬೇಕಾದವು. ಯಾರ ಒಪ್ಪಿಗೆಯೂ ಬೇಡದ ಒಂದು ಕೆಲಸ ನಮ್ಮ ಕೈಯಲ್ಲೇ ಇದೆ. ಮೈಸೂರು, ಬೆಂಗಳೂರುಗಳೂ ಸೇರಿದಂತೆ ನಮ್ಮ ಅನೇಕ ನಗರಗಳ ವಿಶ್ವವಿದ್ಯಾನಿಲಯಗಳಲ್ಲಿ ಅಫಘಾನ್ ವಿದ್ಯಾರ್ಥಿಗಳು ಓದುತ್ತಿದ್ದರು. 2021ರ ಆಗಸ್ಟ್ ಕೊನೆಯಲ್ಲಿ ಭಾರತ ಸರಕಾರವು ದೇಶದ ಹೊರಗಿದ್ದ ಅಫಘಾನರಿಗೆ ಅದುವರೆಗೆ ಕೊಟ್ಟಿದ್ದ ವೀಸಾಗಳನ್ನೆಲ್ಲ ರದ್ದುಪಡಿಸಿತು. ಕೊರೋನಾ ಕಾಲದಲ್ಲಿ ಊರಿಗೆ ಹೋಗಿದ್ದ ವಿದ್ಯಾರ್ಥಿಗಳು ಅಲ್ಲೇ ಸಿಕ್ಕಿಕೊಂಡರು. ಅವರಲ್ಲಿ ಹುಡುಗಿಯರೂ ಇದ್ದರು, ಅವರ ಪಾಲಿಗೆ ಆ ಬಳಿಕ ತಮ್ಮ ದೇಶದ ವಿಶ್ವವಿದ್ಯಾನಿಲಯದ ಬಾಗಿಲೂ ಮುಚ್ಚಿತು. ಅರ್ಧಕ್ಕೆ ನಿಂತ ಅವರ ಓದಿಗೆ ವೀಸಾ ಮತ್ತು ವಿದ್ಯಾರ್ಥಿವೇತನ ಕೊಡಿ ಎಂದು ನಮ್ಮ ಸಂಘಟನೆಗಳು ವಿದೇಶಾಂಗ ಸಚಿವಾಲಯಕ್ಕೆ ಮನವಿ ಸಲ್ಲಿಸಬೇಕೆಂದು ಈ ಸಭೆಯಲ್ಲಿ ಕೇಳಿಕೊಳ್ಳುತ್ತೇನೆ. ಮನವಿಯ ಕರಡು ಸಿದ್ಧವಿದೆ, ಹೊರಡುವ ಮುನ್ನ ದಯವಿಟ್ಟು ಸಹಿ ಹಾಕಿ ಹೋಗಿ.